ಹತ್ತಿಯ ಬೆಲೆ ಏರಿದ ನಾಲ್ಕು ವರ್ಷ

ಹುಬ್ಬಳ್ಳಿ, ಗದಗ, ನವಲಗುಂದ ಕಡೆಯ ಎರೆ ಹೊಲಗಳಲ್ಲಿ ಒಂದು ವರ್ಷ ಎಷ್ಟು ಜೋಳ, ಎಷ್ಟು ಹತ್ತಿ ಬಿತ್ತಬೇಕೆಂಬುದನ್ನು ತೀರ್ಮಾನಿಸುವವರು ಯಾರು? ಹೊಲದ ಒಡೆಯನಾದ ರೈತನೇ ಎಂದು ಯಾರಾದರೂ ಉತ್ತರಿಸಿಯಾರು. ಅವನ ಜೊತೆಗೆ ಮಳೆರಾಯನೂ ತೀರ್ಮಾನಿಸುತ್ತಾನೆ ಎಂದು ಅನುಭವಸ್ಥರು ಸೇರಿಸಿಯಾರು. ಆದರೆ 1861ರಿಂದ 1865ರವರೆಗಿನ ನಾಲ್ಕು ವರ್ಷಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಉತ್ತರವೂ ಇತ್ತು. ಧಾರವಾಡ ಜಿಲ್ಲೆಯ ರೈತ ಹೆಸರನ್ನೂ ಕೇಳಿರದ ದೇಶವೊಂದರಲ್ಲಿ, ಅವನಿಗೆ ಸಂಬಂಧವೇ ಇಲ್ಲದ ಕಾರಣಕ್ಕಾಗಿ ಒಂದು ಯುದ್ಧ ನಡೆಯಿತು. ಆ ಯುದ್ಧ ಅವನ ಹೊಲದ ಬೆಳೆಯನ್ನು ಬದಲಾಯಿಸಿತು, ಅವನ ಕೈಗೆ ಹಿಂದೆಂದೂ ಕಾಣದಷ್ಟು ಬೆಳ್ಳಿಯ ರೂಪಾಯಿಗಳನ್ನು ತಂದಿತು, ಮತ್ತು ಮುಗಿದ ಮೇಲೆ ಅವನ ಹೆಸರಿನಲ್ಲಿ ಸಾಲದ ಪತ್ರಗಳನ್ನು ಉಳಿಸಿ ಹೋಯಿತು.

ಅರ್ಥಶಾಸ್ತ್ರವೆಂದರೆ ರೇಖಾಚಿತ್ರಗಳೂ ಕೋಷ್ಟಕಗಳೂ ತುಂಬಿದ ಕಠಿಣ ವಿಷಯವೆಂಬ ಭಾವನೆ ವಿಜ್ಞಾನ ಮತ್ತು ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಬೇಡಿಕೆ, ಪೂರೈಕೆ, ಅವಕಾಶ ವೆಚ್ಚ ಮುಂತಾದ ಮಾತುಗಳನ್ನು ವ್ಯಾಖ್ಯೆಗಳಾಗಿ ಬಾಯಿಪಾಠ ಮಾಡಿದರೆ ಅವು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತವೆ. ಈ ನಾಲ್ಕು ವರ್ಷಗಳ ಹತ್ತಿಯ ಇತಿಹಾಸದಲ್ಲಾದರೋ ಅವೆಲ್ಲವೂ ಜೀವಂತವಾಗಿ ಓಡಾಡುತ್ತವೆ.

ಮೊದಲು ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯಕ್ಕೆ ಹೋಗೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಗತ್ತಿನ ಬಟ್ಟೆಯ ಗಿರಣಿಗಳ ರಾಜಧಾನಿ ಅದು. ಮ್ಯಾಂಚೆಸ್ಟರ್ ನಗರದ ಸುತ್ತ ಲಕ್ಷಾಂತರ ಜನ ನೂಲುವ, ನೇಯುವ ಕೆಲಸದಲ್ಲಿದ್ದರು. ಆದರೆ ಇಂಗ್ಲೆಂಡಿನಲ್ಲಿ ಹತ್ತಿ ಬೆಳೆಯುವುದಿಲ್ಲ. 1860ರಲ್ಲಿ ಬ್ರಿಟನ್ ಸುಮಾರು 139 ಕೋಟಿ ಪೌಂಡ್ ತೂಕದ ಕಚ್ಚಾ ಹತ್ತಿಯನ್ನು ತರಿಸಿಕೊಂಡಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬಂದದ್ದು, ಗುಲಾಮರ ದುಡಿಮೆಯಿಂದ ಬೆಳೆದದ್ದು. ಭಾರತದ ಪಾಲು ಸುಮಾರು 20 ಕೋಟಿ ಪೌಂಡ್ ಮಾತ್ರ. ಒಂದೇ ಅಂಗಡಿಯಿಂದ ಮನೆಯ ದಿನಸಿಯನ್ನೆಲ್ಲ ತರುವವನಿಗೆ ಆ ಅಂಗಡಿಯ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬ ಚಿಂತೆ ಇರಲೇಬೇಕಲ್ಲವೇ? ಮ್ಯಾಂಚೆಸ್ಟರಿನ ಕೆಲವರಿಗೆ ಆ ಚಿಂತೆ ಇತ್ತು. 1857ರಲ್ಲೇ ಅವರು ಹತ್ತಿ ಪೂರೈಕೆ ಸಂಘವೊಂದನ್ನು ಕಟ್ಟಿ, ಬೇರೆ ದೇಶಗಳಲ್ಲಿ ಹತ್ತಿ ಬೆಳೆಸಲು ಪ್ರಯತ್ನಿಸುತ್ತಿದ್ದರು. ಆದರೆ ಅಮೆರಿಕದ ಹತ್ತಿ ಅಗ್ಗವಾಗಿಯೂ ಒಳ್ಳೆಯದಾಗಿಯೂ ಸಿಗುತ್ತಿದ್ದಾಗ ಉಳಿದ ಗಿರಣಿ ಮಾಲೀಕರು ಈ ಮಾತಿಗೆ ಹೆಚ್ಚು ಕಿವಿಗೊಡಲಿಲ್ಲ.

1861ರ ಏಪ್ರಿಲ್ 12ರಂದು ಅಮೆರಿಕದ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು, ಅಂತರ್ಯುದ್ಧ ಆರಂಭವಾಯಿತು. ಒಂದು ವಾರದೊಳಗೆ ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನ ಘೋಷಿಸಿದರು. ಹತ್ತಿಯಿಲ್ಲದೆ ಇಂಗ್ಲೆಂಡ್ ಮಣಿಯಲೇಬೇಕು, ತಮ್ಮ ಪಕ್ಷ ವಹಿಸಲೇಬೇಕು ಎಂಬ ಲೆಕ್ಕಾಚಾರದಿಂದ ದಕ್ಷಿಣದವರು ತಾವೇ ಹತ್ತಿಯನ್ನು ತಡೆಹಿಡಿದದ್ದೂ ಉಂಟು. 1862ರಲ್ಲಿ ಬ್ರಿಟನ್ನಿಗೆ ಎಲ್ಲ ಕಡೆಗಳಿಂದ ಬಂದ ಹತ್ತಿ ಸುಮಾರು 52 ಕೋಟಿ ಪೌಂಡಿಗೆ ಇಳಿಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯುದ್ಧ ಆರಂಭವಾದ ಕೂಡಲೇ ಗಿರಣಿಗಳು ಮುಚ್ಚಲಿಲ್ಲ. 1859 ಮತ್ತು 1860ರಲ್ಲಿ ಹತ್ತಿ ಹೇರಳವಾಗಿ ಬಂದಿತ್ತು. ಗೋದಾಮುಗಳಲ್ಲಿ ಅರಳೆಯೂ ತುಂಬಿತ್ತು, ಮಾರಾಟವಾಗದ ಬಟ್ಟೆಯೂ ತುಂಬಿತ್ತು. ಆ ದಾಸ್ತಾನು ಕರಗುವವರೆಗೆ ಕಷ್ಟ ಕಾಣಿಸಲಿಲ್ಲ. ಮುಂದೆ ಬೆಲೆ ಏರುವುದೆಂದು ಊಹಿಸಿದವರು ಹತ್ತಿಯನ್ನು ಬಚ್ಚಿಟ್ಟು ಲಾಭ ಮಾಡಿಕೊಂಡರು. ನೂಲುವುದಕ್ಕಿಂತ ಇದೇ ಲಾಭದಾಯಕವೆಂದು ಕೆಲವು ವ್ಯಾಪಾರಿಗಳು ಇದ್ದ ಹತ್ತಿಯನ್ನು ಯೂರೋಪಿನ ಇತರ ದೇಶಗಳಿಗೆ ಮಾರಿದರು! 1862ರ ಕೊನೆಯ ವೇಳೆಗೆ ಲ್ಯಾಂಕಾಶೈರಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪರಿಹಾರ ನಿಧಿಯ ಅನ್ನಕ್ಕೆ ಕೈಯೊಡ್ಡಿದ್ದರು. ಅದೇ ವರ್ಷದ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್ನರಿಗೆ ಬೆಂಬಲ ಸೂಚಿಸಿದರು. ಹಸಿದ ಹೊಟ್ಟೆಯ ಜನ ತಮ್ಮ ಹಸಿವಿಗೆ ಕಾರಣನಾದವನಿಗೇ ಬೆಂಬಲ ನೀಡಿದ ಈ ಪ್ರಸಂಗ ಅರ್ಥಶಾಸ್ತ್ರದ ಯಾವ ಸೂತ್ರಕ್ಕೂ ಸಿಕ್ಕುವುದಿಲ್ಲ; ಸೂತ್ರಗಳಿಗೆ ಮಿತಿಯಿದೆ ಎಂಬುದನ್ನು ನೆನಪಿಡಲಾದರೂ ಇದನ್ನು ತಿಳಿದಿರಬೇಕು.

ಈಗ ಬೆಲೆಯ ಮಾತು. ಲಿವರ್‌ಪೂಲ್ ಪೇಟೆಯಲ್ಲಿ ಯುದ್ಧಕ್ಕೆ ಮೊದಲು ಒಂದು ಪೌಂಡ್ ಅಮೆರಿಕನ್ ಹತ್ತಿಗೆ ಸುಮಾರು 7ರಿಂದ 8 ಪೆನ್ನಿ ಬೆಲೆಯಿತ್ತು. 1864ರಲ್ಲಿ ಅದು 27 ಪೆನ್ನಿಯನ್ನೂ ದಾಟಿತು. ಭಾರತದ ಹತ್ತಿಯ ಬೆಲೆಯೂ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಬೆಲೆ ನಾಲ್ಕು ಪಟ್ಟಾದರೆ ಪೂರೈಕೆಯೂ ನಾಲ್ಕು ಪಟ್ಟಾಗಬೇಕಲ್ಲವೇ ಎಂದು ಕೇಳಬಹುದು. ಆಗಲಿಲ್ಲ. 1862ರಲ್ಲಿ ಭಾರತದಿಂದ ಬ್ರಿಟನ್ನಿಗೆ ಹೋದ ಹತ್ತಿ ಸುಮಾರು 39 ಕೋಟಿ ಪೌಂಡ್. ಅಂದರೆ 1860ರ ಎರಡರಷ್ಟಕ್ಕೆ ಸಮೀಪ, ಅಷ್ಟೇ. ಬೆಲೆಯ ಚೀಟಿಯನ್ನು ಒಂದು ಗಳಿಗೆಯಲ್ಲಿ ತಿದ್ದಬಹುದು; ಹತ್ತಿಯ ಗಿಡವನ್ನು ಹಾಗೆ ಅವಸರಪಡಿಸಲಾಗದು. ಬಿತ್ತನೆಗೆ ಹದ ಬರಬೇಕು, ಗಿಡ ಬೆಳೆದು ಕಾಯಿ ಒಡೆಯಲು ಐದಾರು ತಿಂಗಳು ಬೇಕು, ಬೀಜ ಬಿಡಿಸಬೇಕು, ಅಂಡಿಗೆ ಕಟ್ಟಬೇಕು, ಬಂಡಿಯ ಮೇಲೆ ಘಟ್ಟ ಇಳಿಸಬೇಕು, ಹಡಗಿಗೆ ಏರಿಸಬೇಕು. ಬೆಲೆ ಬದಲಾದಾಗ ಪೂರೈಕೆ ಎಷ್ಟರಮಟ್ಟಿಗೆ ಸ್ಪಂದಿಸುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಪೂರೈಕೆಯ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಬೇಸಾಯದಲ್ಲಿ ಅದು ಅಲ್ಪಾವಧಿಯಲ್ಲಿ ಬಹಳ ಕಡಿಮೆ. ಪೂರೈಕೆ ಹಿಗ್ಗಲಾರದೆ ನಿಂತಲ್ಲಿ ಬೇಡಿಕೆಯ ಒತ್ತಡವೆಲ್ಲ ಬೆಲೆಯ ಮೇಲೆಯೇ ಬೀಳುತ್ತದೆ. 1862ರಿಂದ 1864ರವರೆಗೆ ನಡೆದದ್ದು ಇದೇ.

ಇನ್ನೊಂದು ತೊಡಕೂ ಇತ್ತು. ಲ್ಯಾಂಕಾಶೈರಿನ ಯಂತ್ರಗಳು ಅಮೆರಿಕದ ಉದ್ದ ಎಳೆಯ ಹತ್ತಿಗೆ ಹೊಂದಿಸಿದವು. ಭಾರತದ ಹತ್ತಿ, ಅದು ಎಲ್ಲಿಯದೇ ಇರಲಿ, ಇಂಗ್ಲೆಂಡಿನಲ್ಲಿ 'ಸೂರತ್' ಎಂದೇ ಕರೆಸಿಕೊಳ್ಳುತ್ತಿತ್ತು. ಅದರ ಎಳೆ ಗಿಡ್ಡ. ಯಂತ್ರದಲ್ಲಿ ಪದೇ ಪದೇ ಕಡಿಯುತ್ತಿತ್ತು. ತುಂಡಿಗಿಷ್ಟು ಎಂದು ಕೂಲಿ ಪಡೆಯುವ ಕಾರ್ಮಿಕನಿಗೆ ಅದರಿಂದ ದುಡಿಮೆ ಹೆಚ್ಚು, ಕೂಲಿ ಕಡಿಮೆ. ದೇವರೇ ಹತ್ತಿ ಕಳಿಸು, ಆದರೆ ಸೂರತ್ ಹತ್ತಿ ಬೇಡ ಎಂದು ಅಲ್ಲಿಯ ಜನ ಪ್ರಾರ್ಥಿಸುತ್ತಿದ್ದರೆಂಬ ಕತೆಯೇ ಹುಟ್ಟಿಕೊಂಡಿತ್ತು. ಕಾಫಿಗೆ ಚಹ ಬದಲಿ ಸರಕು ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಆದರೆ ಬದಲಿ ಎಂದರೆ ಸರಿಸಮಾನ ಎಂದಲ್ಲ. ಬಳಸುವವನ ಯಂತ್ರ, ಅಭ್ಯಾಸ, ಕೌಶಲ ಎಲ್ಲವೂ ಹಳೆಯ ಸರಕಿಗೆ ಒಗ್ಗಿಕೊಂಡಿರುತ್ತವೆ. ಆದ್ದರಿಂದಲೇ ಭಾರತದ ಹತ್ತಿಗೆ ಬಂದ ಬೇಡಿಕೆ ಪ್ರೀತಿಯ ಬೇಡಿಕೆಯಲ್ಲ, ಗತಿಯಿಲ್ಲದ ಬೇಡಿಕೆ. ಅಮೆರಿಕದ ಹತ್ತಿ ಮರಳಿ ಬಂದ ದಿನ ಅದು ಹೊರಟುಹೋಗುವಂಥದ್ದು. ಇಷ್ಟನ್ನು ಲಿವರ್‌ಪೂಲಿನ ವ್ಯಾಪಾರಿ ಬಲ್ಲ, ಮುಂಬೈಯ ದಲಾಲಿ ಬಲ್ಲ. ಬಿತ್ತುವವನಿಗೆ ಇದನ್ನು ಯಾರೂ ಹೇಳಲಿಲ್ಲ.

ನಮ್ಮ ಧಾರವಾಡ ಜಿಲ್ಲೆಯ ಸ್ಥಾನ ಇಲ್ಲಿ ವಿಶೇಷವಾದದ್ದು. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದಿಂದ ಬೇಸಾಯಗಾರರನ್ನು ಕರೆಸಿ, ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ನ್ಯೂ ಓರ್ಲಿಯನ್ಸ್ ತಳಿಯ ಹತ್ತಿಯನ್ನು ಪ್ರಯೋಗಾರ್ಥವಾಗಿ ಬೆಳೆಸಿತ್ತು. ಅಂದಿನ ಕಲೆಕ್ಟರ್ ಶಾ ಎಂಬವರಿಗೆ ಇದರಲ್ಲಿ ಬಹಳ ಆಸಕ್ತಿ. ಭಾರತದ ಅನೇಕ ಕಡೆ ಇಂಥ ಪ್ರಯೋಗಗಳು ಸೋತವು, ಧಾರವಾಡದಲ್ಲಿ ಗೆದ್ದಿತು. 'ಧಾರವಾಡ-ಅಮೆರಿಕನ್' ಎಂಬ ಹೆಸರಿನಿಂದ ಆ ಹತ್ತಿ ಪ್ರಸಿದ್ಧವಾಗಿ, 1861ರ ಹೊತ್ತಿಗೆ ಜಿಲ್ಲೆಯಲ್ಲಿ ಲಕ್ಷಕ್ಕೂ ಹೆಚ್ಚು ಎಕರೆಗೆ ಹಬ್ಬಿತ್ತು. ಜವಾರಿ ಹತ್ತಿಯನ್ನೂ ಇದರ ಜೊತೆಗೆ ಬೆಳೆಯುತ್ತಿದ್ದರು. ಅದನ್ನು ಬಂಡಿಗಳಲ್ಲಿ ಘಟ್ಟ ಇಳಿಸಿ ಕುಮಟಾ ಬಂದರಿನಿಂದ ಸಾಗಿಸುತ್ತಿದ್ದುದರಿಂದ ಅದಕ್ಕೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು. ಬೆಳೆದದ್ದು ಧಾರವಾಡದ ಎರೆಯಲ್ಲಿ, ಹೆಸರು ಕಡಲ ತೀರದ ಊರಿನದು. ಕೊಳ್ಳುವವನಿಗೆ ಸರಕು ಕೈಗೆ ಬಂದ ಜಾಗವೇ ಅದರ ತವರು.

ಬೆಲೆಯ ಏರಿಕೆ ಭೂಪಟವನ್ನೂ ಬದಲಾಯಿಸಿತು ಎಂಬುದು ಅನೇಕರಿಗೆ ಗೊತ್ತಿಲ್ಲ. ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಹೊಲ ಒಂದು ಸರ್ಕಾರದ್ದು, ಬಂದರು ಇನ್ನೊಂದು ಸರ್ಕಾರದ್ದು. ಘಟ್ಟದ ರಸ್ತೆಗಳಿಗೂ ಕಾರವಾರದ ಬಂದರಿಗೂ ಹಣ ಹಾಕಲು ಮದ್ರಾಸಿಗೆ ಉತ್ಸಾಹವಿರಲಿಲ್ಲ. ಮ್ಯಾಂಚೆಸ್ಟರಿನ ಹತ್ತಿ ಹಿತಾಸಕ್ತಿಗಳು ಒತ್ತಾಯ ತಂದವು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ, ಅಂದರೆ 94 ವರ್ಷ, ಈ ಎರಡು ಕನ್ನಡ ಜಿಲ್ಲೆಗಳು ಎರಡು ಪ್ರಾಂತ್ಯಗಳ ಅಂಗಗಳಾಗಿದ್ದವು. ಏಕೀಕರಣದ ಇತಿಹಾಸ ಓದುವವರು ಹತ್ತಿಯ ಅಂಡಿಗೆಯನ್ನೂ ಒಮ್ಮೆ ನೆನೆಯಬೇಕು.

ರೈತನ ಹೊಲಕ್ಕೆ ಬರೋಣ. ಅವನ ಮುಂದಿದ್ದ ಪ್ರಶ್ನೆ ಸರಳ: ಜೋಳವೋ, ಹತ್ತಿಯೋ? ಲೆಕ್ಕಕ್ಕೆ ಅನುಕೂಲವಾಗಲೆಂದು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಖರ್ಚು ಕಳೆದು ಒಂದು ಎಕರೆ ಜೋಳದಿಂದ 8 ರೂಪಾಯಿ, ಒಂದು ಎಕರೆ ಹತ್ತಿಯಿಂದ 10 ರೂಪಾಯಿ ಬರುತ್ತದೆ ಎನ್ನೋಣ. ಹತ್ತಿ ಬಿತ್ತಿದವನಿಗೆ ಆದ ಲಾಭವೆಷ್ಟು? 10 ಎನ್ನುವವನು ವ್ಯಾಪಾರದ ಲೆಕ್ಕ ಹೇಳಿದಂತಾಯಿತು. ಅರ್ಥಶಾಸ್ತ್ರದ ಲೆಕ್ಕದಲ್ಲಿ ಅದು 2 ಮಾತ್ರ. ಹತ್ತಿಯನ್ನು ಆರಿಸಿಕೊಳ್ಳುವಾಗ ಅವನು 8 ರೂಪಾಯಿಯ ಜೋಳವನ್ನು ಬಿಟ್ಟುಕೊಟ್ಟಿದ್ದಾನೆ. ಹೀಗೆ ಒಂದನ್ನು ಪಡೆಯಲು ಬಿಟ್ಟುಕೊಡಬೇಕಾದ ಇನ್ನೊಂದರ ಮೌಲ್ಯಕ್ಕೆ ಅವಕಾಶ ವೆಚ್ಚ ಎಂದು ಹೆಸರು. ಅದೂ ಇಲ್ಲಿ ಬರಿಯ 8 ರೂಪಾಯಿಯಲ್ಲ. ಜೋಳ ಬೆಳೆದರೆ ಎತ್ತುಗಳಿಗೆ ಕಣಿಕೆ ಸಿಗುತ್ತದೆ, ಹಗೇವಿನಲ್ಲಿ ಕಾಳು ಇರುತ್ತದೆ, ಮುಂದಿನ ವರ್ಷ ಮಳೆ ಕೈಕೊಟ್ಟರೂ ಮನೆಯವರು ರೊಟ್ಟಿ ತಿನ್ನುತ್ತಾರೆ. ಹತ್ತಿಯನ್ನು ತಿನ್ನಲು ಬರುವುದಿಲ್ಲ. ಈ ಭದ್ರತೆಯ ಬೆಲೆಯನ್ನೂ ಕೂಡಿಸಿದರೆ ಎರಡು ರೂಪಾಯಿಯ ಹೆಚ್ಚಳಕ್ಕಾಗಿ ಹಗೇವನ್ನು ಬರಿದು ಮಾಡಿಕೊಳ್ಳುವುದು ಜಾಣತನವಲ್ಲ. ಹಿಂದಿನ ರೈತರು ಹೊಲದ ಒಂದು ಭಾಗಕ್ಕೆ ಮಾತ್ರ ಹತ್ತಿ ಹಾಕುತ್ತಿದ್ದುದನ್ನು ಕೆಲವು ಬ್ರಿಟಿಷ್ ಅಧಿಕಾರಿಗಳು ಸೋಮಾರಿತನವೆಂದು ಬರೆದಿದ್ದಾರೆ. ಅದು ಸೋಮಾರಿತನವಲ್ಲ, ಚೆನ್ನಾಗಿ ಹಾಕಿದ ಲೆಕ್ಕ.

ಆದರೆ ಅದೇ ಹತ್ತಿ ಎಕರೆಗೆ 40 ರೂಪಾಯಿ ತರುವುದಾದರೆ? ಹೆಚ್ಚಳ 32 ರೂಪಾಯಿ. ಆಗ ಎಂಥ ಎಚ್ಚರದ ಮನುಷ್ಯನೂ ಒಂದು ಗಳಿಗೆ ಯೋಚಿಸುತ್ತಾನೆ. ದಖ್ಖನ್ನಿನಲ್ಲಿ 1860ರಿಂದ 1864ರೊಳಗೆ ಹತ್ತಿಯ ವಿಸ್ತೀರ್ಣ ಎರಡರಷ್ಟಾಯಿತು. ಯಾರೂ ಅಪ್ಪಣೆ ಕೊಡಿಸಲಿಲ್ಲ, ಡಂಗುರ ಸಾರಿಸಲಿಲ್ಲ. ಬೆಲೆಯೇ ಡಂಗುರವಾಯಿತು. ಲ್ಯಾಂಕಾಶೈರಿನ ಕೊರತೆಯ ಸುದ್ದಿಯನ್ನು ಸಾವಿರಾರು ಮೈಲಿ ದಾಟಿಸಿ, ಓದುಬರಹ ಬಾರದ ರೈತನಿಗೂ ತಿಳಿಯುವಂತೆ ಅದು ಹೇಳಿತು. ಬೆಲೆಯ ಈ ಶಕ್ತಿಯನ್ನು ಮೆಚ್ಚಲೇಬೇಕು. ಆದರೆ ಬೆಲೆ ಹೇಳುವುದು ಇಂದಿನ ಸುದ್ದಿ. ರೈತ ಬಿತ್ತುವುದು ಮುಂದಿನ ವರ್ಷದ ಪೇಟೆಗೆ. ಈ ಕೊರತೆ ಎಷ್ಟು ದಿನ ಇದ್ದೀತು, ಏಕೆ ಬಂದಿದೆ ಎಂಬುದನ್ನು ಬೆಲೆ ಹೇಳುವುದಿಲ್ಲ.

ಏರಿದ ಬೆಲೆಯೆಲ್ಲ ರೈತನ ಕೈಸೇರಿತೇ? ಇಲ್ಲ. ಲಿವರ್‌ಪೂಲಿನಿಂದ ನವಲಗುಂದದ ಹೊಲದವರೆಗಿನ ದಾರಿಯಲ್ಲಿ ಇಂಗ್ಲಿಷ್ ಕಂಪನಿ, ಮುಂಬೈಯ ರಫ್ತುದಾರ, ಹುಬ್ಬಳ್ಳಿಯ ಅಡತಿ ವ್ಯಾಪಾರಿ, ಊರಿನ ಸಾಹುಕಾರ ಹೀಗೆ ಹಲವು ಕೈಗಳಿದ್ದವು. ಮುಂಬೈ ರಫ್ತುದಾರರು ದೊಡ್ಡ ಸಾಹುಕಾರರಿಗೆ ಮುಂಗಡ ಕೊಟ್ಟರು. ಅವರು ಸಣ್ಣ ಸಾಹುಕಾರರಿಗೆ, ಇವರು ರೈತರಿಗೆ. ದಖ್ಖನ್ನಿನ ಕೆಲವು ಕಡೆ ಹತ್ತಿ ಬಿತ್ತುವ ಪ್ರತಿ ಎಕರೆಗೆ 100 ರೂಪಾಯಿಯಷ್ಟು ಮುಂಗಡ ಸಿಕ್ಕಿತೆಂದು ದಾಖಲೆಗಳು ಹೇಳುತ್ತವೆ. ಕೇಳಿದ್ದಕ್ಕಿಂತ ಹೆಚ್ಚು ಸಾಲ! ಆದರೆ ಮುಂಗಡ ಪಡೆದ ರೈತ ಬೆಳೆಯನ್ನು ಪೇಟೆಯಲ್ಲಿ ಹರಾಜಿಗಿಡಲಾರ. ಕೊಟ್ಟವನಿಗೇ ಅವನು ಹೇಳಿದ ದರಕ್ಕೆ ಅಳೆಯಬೇಕು. ಪೇಟೆಯ ಧಾರಣೆ ತಿಳಿದವನಿಗೂ ತಿಳಿಯದವನಿಗೂ ನಡೆಯುವ ವ್ಯವಹಾರದಲ್ಲಿ ಲಾಭ ಯಾವ ಕಡೆ ವಾಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ರೈತನಿಗೆ ಏನೂ ದಕ್ಕಲಿಲ್ಲ ಎನ್ನುವುದು ಅತಿಶಯೋಕ್ತಿ. ಒಡವೆ, ಹೊಸ ಎತ್ತು, ಮದುವೆಗಳ ಖರ್ಚು ಹೆಚ್ಚಿದವು. ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟೆ ಹೊಡೆಸಿದರೆಂಬ ಕತೆಯೂ ಆ ಕಾಲದ ಹತ್ತಿ ಸೀಮೆಗಳಿಂದ ಬಂದದ್ದೇ. ಅದನ್ನು ಕತೆಯೆಂದೇ ತಿಳಿಯುವುದು ಒಳ್ಳೆಯದು, ಆದರೆ ಬೆಳ್ಳಿ ಬಂದದ್ದು ನಿಜ.

ಆ ಬೆಳ್ಳಿ ಇನ್ನೊಂದು ಪಾಠ ಕಲಿಸಿತು. ಹಣ ಹರಿದುಬಂತು, ಆದರೆ ಜೋಳ ಬೆಳೆಯುವ ನೆಲದಲ್ಲಿ ಒಂದು ಪಾಲು ಹತ್ತಿಗೆ ಹೋಗಿತ್ತು. ಹೆಚ್ಚು ರೂಪಾಯಿಗಳು ಇದ್ದಷ್ಟೇ ಅಥವಾ ಕಡಿಮೆಯಾದ ಕಾಳನ್ನು ಬೆನ್ನಟ್ಟಿದವು. ಮುಂಬೈ ಪ್ರಾಂತ್ಯದ ಬಹುಕಡೆ ಧಾನ್ಯದ ಬೆಲೆ, ಬಂಡಿಯ ಬಾಡಿಗೆ, ಕೂಲಿ ಎಲ್ಲವೂ ಏರಿದವು. ಹೊಲವಿಲ್ಲದ, ನಿಶ್ಚಿತ ಸಂಬಳದ ಮನುಷ್ಯನಿಗೆ ಇದು ಸುಭಿಕ್ಷದ ಕಾಲವಲ್ಲ. ಕೈಗೆ ಬರುವ ರೂಪಾಯಿಗಳ ಎಣಿಕೆ ಬೇರೆ, ಆ ರೂಪಾಯಿ ಕೊಳ್ಳಬಲ್ಲ ಜೋಳದ ಅಳತೆ ಬೇರೆ. ಮೊದಲನೆಯದು ನಾಮಮಾತ್ರ ಆದಾಯ, ಎರಡನೆಯದು ನೈಜ ಆದಾಯ. ನೇಕಾರರ ಸ್ಥಿತಿಯಂತೂ ಶೋಚನೀಯವಾಯಿತು. ನೂಲಿನ ಬೆಲೆ ಗಗನಕ್ಕೇರಿತು, ಸೀರೆ ಕೊಳ್ಳುವವರ ಸಂಖ್ಯೆ ಇಳಿಯಿತು. ಲ್ಯಾಂಕಾಶೈರಿನ ನೇಕಾರನೂ ಇಲ್ಲಿಯ ಕೈಮಗ್ಗದವನೂ ಒಂದೇ ಕಾರಣಕ್ಕೆ ಒಂದೇ ಕಾಲದಲ್ಲಿ ಬಳಲಿದರು; ಮೊದಲನೆಯವನಿಗೆ ಪರಿಹಾರ ಸಮಿತಿಗಳಿದ್ದವು.

ಬೆಲೆ ಏರಿದಾಗ ಸರಕಿನ ಗುಣ ಹೆಚ್ಚುತ್ತದೆಯೆಂದು ತಿಳಿಯುವವರು ಉಂಟು. ಇಲ್ಲಿ ಆದದ್ದು ತದ್ವಿರುದ್ಧ. ಅರಳೆಯಲ್ಲಿ ಬೀಜ, ಎಲೆ, ಮಣ್ಣು ಸೇರಿಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು, ಒಳ್ಳೆಯ ತಳಿಗೆ ಕೀಳು ತಳಿ ಬೆರೆಸುವುದು ವ್ಯಾಪಕವಾಯಿತು. ಏನು ಸಿಕ್ಕರೂ ಕೊಳ್ಳುವವನು ಬಾಗಿಲಲ್ಲಿ ನಿಂತಿರುವಾಗ, ಶುದ್ಧ ಅರಳೆಗೂ ಕಲಬೆರಕೆಗೂ ಹೆಚ್ಚುಕಡಿಮೆ ಒಂದೇ ದರ ಸಿಗುವಾಗ, ಶ್ರಮಪಟ್ಟು ಹಸನು ಮಾಡಿದವನೇ ನಷ್ಟಕ್ಕೆ ಗುರಿಯಾಗುತ್ತಾನೆ. ಪ್ರಾಮಾಣಿಕನೂ ಕ್ರಮೇಣ ಕೈಬಿಡುತ್ತಾನೆ. ಕೊಳ್ಳುವವನು ಎಲ್ಲರನ್ನೂ ಸಂಶಯಿಸಿ ದರ ಇಳಿಸುತ್ತಾನೆ. ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆ ಕಾಯಿದೆಯನ್ನು ತಂದಿತು. ಧಾರವಾಡದ ಹತ್ತಿಗಂತೂ ಈ ಬೆರಕೆಯಿಂದ ಆದ ಹಾನಿ ದೊಡ್ಡದು. ಎರಡು ದಶಕ ಕಷ್ಟಪಟ್ಟು ಗಳಿಸಿದ 'ಧಾರವಾಡ-ಅಮೆರಿಕನ್' ಎಂಬ ಹೆಸರಿಗೆ ಮಸಿ ಬಳಿಯಿತು.

ಮುಂಬೈ ನಗರದಲ್ಲಿ ನಡೆದದ್ದು ಇನ್ನೊಂದೇ ನಾಟಕ. ಈ ವರ್ಷಗಳಲ್ಲಿ ಹತ್ತಿಯಿಂದ ಹೆಚ್ಚುವರಿಯಾಗಿ ಬಂದ ಹಣ ಏಳೆಂಟು ಕೋಟಿ ಪೌಂಡ್ ಸ್ಟರ್ಲಿಂಗ್ ಎಂದು ಅಂದಾಜು. ಅಷ್ಟು ಹಣಕ್ಕೆ ಕೆಲಸ ಬೇಕಲ್ಲ! ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳು ನಾಯಿಕೊಡೆಯಂತೆ ಎದ್ದವು. ಬ್ಯಾಕ್ ಬೇ ಎಂಬ ಕೊಲ್ಲಿಯನ್ನು ತುಂಬಲು ಹೊರಟ ಕಂಪನಿಯ 5,000 ರೂಪಾಯಿಯ ಷೇರು 50,000ಕ್ಕೆ ಏರಿತು. ಸಮುದ್ರವಿನ್ನೂ ಸಮುದ್ರವಾಗಿಯೇ ಇತ್ತು ಎಂಬುದನ್ನು ಗಮನಿಸಿ. ಷೇರು ಕೊಂಡವನು ಆ ನೆಲದ ಬಾಡಿಗೆಯನ್ನು ಲೆಕ್ಕ ಹಾಕಿ ಕೊಂಡವನಲ್ಲ, ನಾಳೆ ಇನ್ನೊಬ್ಬ ಇನ್ನೂ ಹೆಚ್ಚು ಕೊಟ್ಟು ಕೊಳ್ಳುತ್ತಾನೆಂದು ನಂಬಿ ಕೊಂಡವನು. ಸಟ್ಟಾ ವ್ಯಾಪಾರದ ಜೀವಾಳ ಈ ನಂಬಿಕೆ. ಅದರಲ್ಲೂ ವಾಯಿದೆ ವ್ಯವಹಾರ ಎಲ್ಲೆಲ್ಲೂ ನಡೆಯಿತು. ಹಣ ಈಗ ಕೊಡಬೇಕಾಗಿಲ್ಲ, 1865ರ ಜುಲೈ 1ಕ್ಕೆ ಕೊಟ್ಟರೆ ಸಾಕು, ಅಷ್ಟರಲ್ಲಿ ಮಾರಿ ಲಾಭ ಮಾಡಿಕೊಂಡರಾಯಿತು ಎಂಬ ಧೈರ್ಯ. ಈ ಎಲ್ಲದರ ನಡುವಿನ ವ್ಯಕ್ತಿ ಪ್ರೇಮಚಂದ್ ರಾಯ್‌ಚಂದ್; ಆಗ ಮೂವತ್ತು ಚಿಲ್ಲರೆ ವಯಸ್ಸು. 1863ರ ಕಾಯಿದೆ ಬ್ಯಾಂಕ್ ಆಫ್ ಬಾಂಬೆಯ ಸಾಲದ ನಿಯಮಗಳನ್ನು ಸಡಿಲಿಸಿತ್ತು. ಷೇರುಗಳನ್ನೇ ಒತ್ತೆಯಿಟ್ಟು ಸಾಲ ಪಡೆದು ಮತ್ತೆ ಷೇರು ಕೊಳ್ಳುವುದು ಸುಲಭವಾಯಿತು. ಮುಂಬೈ ವಿಶ್ವವಿದ್ಯಾನಿಲಯದ ರಾಜಾಬಾಯಿ ಗಡಿಯಾರ ಗೋಪುರ ಪ್ರೇಮಚಂದರು ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ಕಟ್ಟಿದ್ದು. ಅದು ಮುಗಿದದ್ದು 1878ರಲ್ಲಿ, ಸಂಪತ್ತಿನ ಆ ಅಬ್ಬರವೆಲ್ಲ ಅಡಗಿ ಬಹಳ ಕಾಲವಾದ ಮೇಲೆ.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ. ಸುದ್ದಿ ಮುಂಬೈಗೆ ಮುಟ್ಟಿದಾಗ ಹತ್ತಿಯ ಧಾರಣೆ ಕುಸಿಯಿತು. ಅಮೆರಿಕದ ಹತ್ತಿ ಇನ್ನೂ ಹಡಗು ಹತ್ತಿರಲಿಲ್ಲ. ಬರುತ್ತದೆಂಬ ನಿರೀಕ್ಷೆಯೇ ಸಾಕಾಯಿತು. ಜುಲೈ 1ರಂದು ವಾಯಿದೆಯ ಹಣ ಕೊಡಲು ಯಾರಲ್ಲೂ ಹಣವಿರಲಿಲ್ಲ. ಬ್ಯಾಕ್ ಬೇ ಷೇರು 2,000ಕ್ಕಿಂತ ಕೆಳಗಿಳಿಯಿತು. 2,850 ರೂಪಾಯಿವರೆಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಬಂತು. 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಿ, ಅದೇ ಹೆಸರಿನಲ್ಲಿ ಹೊಸತೊಂದನ್ನು ತೆರೆದರು. ಅದು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿ, 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಭಾಗವಾಯಿತು. ಇದೇ ಹತ್ತಿಯ ಹಣದಿಂದ ಈಜಿಪ್ಟ್ ಕೂಡ ಮೆರೆದು ಸಾಲದಲ್ಲಿ ಮುಳುಗಿತು; 1876ರಲ್ಲಿ ದಿವಾಳಿ, 1882ರಲ್ಲಿ ಬ್ರಿಟಿಷರ ಆಕ್ರಮಣ. ಅದು ಬೇರೆಯೇ ಒಂದು ಲೇಖನದ ವಿಷಯ.

ಮುಂಬೈಯ ದಿವಾಳಿ ಪತ್ರಿಕೆಗಳಲ್ಲಿ ಬಂತು. ಹಳ್ಳಿಯದು ನಿಧಾನವಾದದ್ದು. ಅಲ್ಲಿ ಹತ್ತಿಯ ಬೆಲೆ ಒಂದೇ ಏಟಿಗೆ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಏರಿಳಿಯುತ್ತ, ಒಟ್ಟಿನಲ್ಲಿ ಇಳಿಮುಖವಾಗಿ ಸಾಗಿತು. ಇಲ್ಲಿ ಮತ್ತೆ ಒಂದು ಕಲ್ಪಿತ ಲೆಕ್ಕ. ಅರಳೆ ಮಣಕ್ಕೆ 10 ರೂಪಾಯಿ ಇದ್ದಾಗ ಒಬ್ಬ 100 ರೂಪಾಯಿ ಸಾಲ ತಂದ. ತೀರಿಸಲು 10 ಮಣ ಸಾಕು. ಬೆಲೆ 4 ರೂಪಾಯಿಗೆ ಇಳಿದ ಮೇಲೆ ಅದೇ 100 ರೂಪಾಯಿಗೆ 25 ಮಣ ಬೇಕು, ಬಡ್ಡಿಯನ್ನು ಲೆಕ್ಕಿಸದೆಯೇ. ಸಾಲದ ಪತ್ರದಲ್ಲಿ ಅಂಕಿ ಬದಲಾಗಿಲ್ಲ, ಸಾಲ ಮಾತ್ರ ಎರಡೂವರೆ ಪಟ್ಟಾಗಿದೆ. ಭೂಕಂದಾಯವೂ ಹೀಗೆಯೇ: ಬೆಳೆಯಲ್ಲಿ ಪಾಲಲ್ಲ, ರೂಪಾಯಿಯಲ್ಲಿ ನಿಗದಿಯಾದದ್ದು. ಮೂವತ್ತು ವರ್ಷಗಳ ಹಳೆಯ ಕರಾರುಗಳು ಮುಗಿದು ಕಂದಾಯದ ಪರಿಷ್ಕರಣೆ ನಡೆದದ್ದೂ ಇದೇ ಕಾಲದಲ್ಲಿ. ಕೆಲವು ಕಡೆ ದರ ಶೇಕಡಾ 50ರಿಂದ 100ರವರೆಗೆ ಹೆಚ್ಚಿತು. ಏರಿದ ಬೆಲೆಗಳ ನೆನಪು ಅಧಿಕಾರಿಗಳಿಗೆ ಇತ್ತು, ಇಳಿದ ಬೆಲೆ ರೈತನ ಪಾಲಿಗಿತ್ತು.

ಕೇಳುವ ಮೊದಲೇ ಮುಂಗಡ ಕೊಟ್ಟ ಸಾಹುಕಾರ ಈಗ ಕೇಳಿದರೂ ಕೊಡಲಿಲ್ಲ. ಸಾಲಪತ್ರ ಮೂರು ವರ್ಷ ಮಾತ್ರ ಊರ್ಜಿತವೆಂಬ 1859ರ ಕಾಯಿದೆ ರೈತನ ರಕ್ಷಣೆಗಾಗಿ ಮಾಡಿದ್ದು. ಆದರೆ ಮೂರು ವರ್ಷ ಮುಗಿಯುತ್ತಿದ್ದಂತೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುವ ದಾರಿಯನ್ನು ಸಾಹುಕಾರರು ಕಂಡುಕೊಂಡರು. ರೈತ ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಗ್ರಾಮದಲ್ಲಿ ರೈತರು ಒಟ್ಟಾಗಿ ಸಾಹುಕಾರರ ಮನೆಗಳ ಮೇಲೆ ಏರಿಹೋದರು. ಅವರು ಕೇಳಿದ್ದು ಖಾತೆಪುಸ್ತಕಗಳನ್ನು ಮತ್ತು ಸಾಲಪತ್ರಗಳನ್ನು. ಸಿಕ್ಕವನ್ನು ಬೆಂಕಿಗೆ ಹಾಕಿದರು. ಗಲಭೆ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಹಬ್ಬಿತು. ವಿಚಾರಣಾ ಆಯೋಗ ಕುಳಿತು, 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಅಷ್ಟರಲ್ಲಿ 1876ರ ಮಳೆ ಕೈಕೊಟ್ಟು, ಧಾರವಾಡ, ವಿಜಾಪುರ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಮಹಾಕ್ಷಾಮ ಕಾಲಿಟ್ಟಾಗಿತ್ತು. ಮಳೆ ಕೈಕೊಟ್ಟದ್ದಕ್ಕೆ ಹತ್ತಿಯನ್ನು ದೂರುವುದು ತಪ್ಪಾದೀತು. ಹತ್ತಿಯೇ ಬೆಳೆಯದ ಸೀಮೆಗಳಲ್ಲೂ ಜನ ಸತ್ತರು. ಆದರೆ ಹಗೇವು ಬರಿದಾದವನಿಗೂ, ಹೊಸ ಸಾಲ ಹುಟ್ಟದವನಿಗೂ ಒಂದು ವರ್ಷದ ಬರ ತಡೆಯುವ ಶಕ್ತಿ ಎಷ್ಟಿದ್ದೀತು?

ಹುಬ್ಬಳ್ಳಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಅದೇ ದಶಕದ ಕೊನೆಯ ವೇಳೆಗೆ ರೈಲು ದಾರಿ ಘಟ್ಟ ಇಳಿದು ಗೋವೆಯ ಮುರ್ಮಗೋವಾ ಬಂದರಿಗೆ ಸೇರಿತು. ಹತ್ತಿಯ ಬಂಡಿಗಳು ಕುಮಟೆಯ ದಾರಿಯನ್ನು ಬಿಟ್ಟವು. ಮುಂಬೈಯ ಹತ್ತಿ ಪೇಟೆಯಲ್ಲಿ ಮಾತ್ರ ಧಾರವಾಡದ ಜವಾರಿ ಹತ್ತಿಯನ್ನು ಇಪ್ಪತ್ತನೆಯ ಶತಮಾನದಲ್ಲೂ ಕುಮಟಾ ಎಂದೇ ಕೂಗುತ್ತಿದ್ದರು.